ವೂ ಸರ್ ಒಪ್ಪಿಸಿ ಹೋದ ಪಟ

ಕಲೆ ಇದ್ದದ್ದು ಪಟದ ತಳದಲ್ಲಿ, ಕೋಟಿನ ಎರಡನೇ ಗುಂಡಿಯ ಎಡಕ್ಕೆ, ಹೆಸರುಕಾಳಿನಷ್ಟು. ನಡುವೆ ಕೆಂಪು, ಅಂಚಿನಲ್ಲಿ ಗುಲಾಬಿ. ಕಳೆದ ಬುಧವಾರ ಸಂಜೆ, ಈ ಕೊಲ್ಲಿ ದೇಶದ ಅಲ್ ಮಬೇಲಾದಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಪಟವನ್ನು ಒರಗಿಸಿಟ್ಟು ಎಷ್ಟು ಹೊತ್ತು ನೋಡಿದೆನೋ. ನೋಡಿದಷ್ಟೂ ಕಲೆ ದೊಡ್ಡದಾಗುತ್ತಿದೆ ಅನಿಸಿತು. ನೀವಾದರೂ ಹಾಗೇ ಕೂತಿರುತ್ತಿದ್ದಿರಿ.

ಪಟದಲ್ಲಿರುವವರು ಚೀನಾದ ಕ್ರಾಂತಿಯ ನಾಯಕರು. ಮೀಸೆ, ಮುಚ್ಚಿದ ಕೊರಳಿನ ಕೋಟು, ಎತ್ತಲೋ ನೋಡುವ ಕಣ್ಣು. ಅರಸೊತ್ತಿಗೆಯನ್ನು ಉರುಳಿಸಿ ಗಣರಾಜ್ಯ ಕಟ್ಟಿದವರು, ಓದಿದ್ದು ವೈದ್ಯಕೀಯ. ತೈವಾನಿನಲ್ಲಿ ಅವರು ರಾಷ್ಟ್ರಪಿತ. ತೈವಾನನ್ನು ಬೇರೆ ದೇಶವೆಂದೇ ಒಪ್ಪದ ಚೀನಾ ಕೂಡ ಅವರಿಗೆ ತಲೆಬಾಗುತ್ತದೆ. ಜಗಳವಾಡುವ ಎರಡು ಮನೆಗಳಲ್ಲಿ ಒಬ್ಬನೇ ಅಜ್ಜನ ಫೋಟೊ ಇದ್ದ ಹಾಗೆ ಎಂದುಕೊಂಡು ನಾನು ಸಮಾಧಾನಪಟ್ಟಿದ್ದೇನೆ. ಸರಿಯಾಗಿ ಅರ್ಥವಾಗಿದೆ ಎಂದು ಹೇಳಲಾರೆ.

ನಾಲ್ಕು ವರ್ಷದ ಹಿಂದೆ ಬರ್ಕಾದ ಟೈಲ್ಸ್ ಅಂಗಡಿಯಲ್ಲಿ ಆಮದಿನ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿದ ಮೊದಲ ದಿನ, ಮ್ಯಾನೇಜರ್ ವೂ ಸರ್ ಈ ಪಟದ ಮುಂದೆ ಮೂರು ಸಲ ಸೊಂಟ ಬಾಗಿಸಿದರು. ಅವರು ತೈವಾನಿನವರು, ಅರವತ್ತು ದಾಟಿದವರು. ನಾನು ದೇವರ ಮನೆಗೆ ತಪ್ಪಿ ಕಾಲಿಟ್ಟವಳಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ದಿನವಿಡೀ ಬರಿಗಾಲಲ್ಲಿ ಓಡಾಡಿದೆ. ಯಾರೂ ಏಕೆಂದು ಕೇಳಲಿಲ್ಲ.

ಎರಡು ವರ್ಷ ಧೈರ್ಯ ಕೂಡಿಸಿಕೊಂಡು ಒಮ್ಮೆ ಕೇಳಿದ್ದೆ, "ಸರ್, ನಿಮಗೆ ದೇವರಲ್ಲಿ ನಂಬಿಕೆ ಇದೆಯೇ?"

"ಇಲ್ಲ."

"ಮತ್ತೆ ಇದು?"

"ಇದು ನನ್ನ ತಂದೆ ಪಾಠ ಮಾಡುತ್ತಿದ್ದ ತರಗತಿಯ ಗೋಡೆಯಲ್ಲಿತ್ತು. ಬಾಗುವುದನ್ನು ಅವರು ಕಲಿಸಿದರು. ನಿಲ್ಲಿಸುವುದನ್ನು ಯಾರೂ ಕಲಿಸಲಿಲ್ಲ."

ನಮ್ಮ ಶಾಲೆಯಲ್ಲೂ ವರ್ಷಕ್ಕೊಮ್ಮೆ ನಮ್ಮ ರಾಷ್ಟ್ರಪಿತನ ಪಟಕ್ಕೆ ಹಾರ ಹಾಕುತ್ತಿದ್ದರು. ಸಾಲಿನ ಮುಂದೆ ನಿಂತು ಸತ್ಯ ಅಹಿಂಸೆಗಳ ಬಗ್ಗೆ ಭಾಷಣ ಮಾಡಿದ ನಾನು, ಒಳಗೊಳಗೆ ಬಹುಮಾನ ಪೆನ್ನೋ ಡಬ್ಬಿಯೋ ಎಂದು ಯೋಚಿಸುತ್ತಿದ್ದೆ. ವೂ ಸರ್ ಬಾಗುತ್ತಿದ್ದದ್ದು ನಾಯಕನಿಗೋ, ಅಪ್ಪನಿಗೋ, ಹಳೆಯ ಗೋಡೆಗೋ, ಹೇಗೆ ಹೇಳಲಿ?

ಎರಡು ತಿಂಗಳ ಹಿಂದೆ ಅವರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಊರಿಗೆ ಹೊರಟರು. ಅಂಗಡಿಗೆ ಸುಣ್ಣಬಣ್ಣ ನಡೆದಿತ್ತು. ಹತ್ತು ಜನರಿರುವ ಅಂಗಡಿಯಲ್ಲಿ ಪಟವನ್ನು ನನ್ನ ಕೈಗೇ ಕೊಟ್ಟು, "ಬಿಸಿಲು ಬೀಳದ ಕಡೆ ಇಡಿ, ಅಷ್ಟೇ," ಎಂದರು. ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದೆ. ಧಾರವಾಡದಿಂದ ಬಂದು ನನ್ನ ಜೊತೆಗಿರುವ ಅವ್ವ ಒಂದೇ ವಾರದಲ್ಲಿ ಅವರೊಡನೆ ಮಾತು ಶುರು ಮಾಡಿದಳು. "ಡಾಕ್ಟ್ರು ಅಂದೆಲ್ಲವಾ, ಮೊಣಕಾಲ ನೋವು ಹೇಳೀನಿ. ಏನೂ ಅನ್ನಲಿಲ್ಲ. ದೊಡ್ಡ ಡಾಕ್ಟ್ರು ಹಂಗ."

ಬುಧವಾರ ಅಮಾವಾಸ್ಯೆ. ಮರುದಿನ ವೂ ಸರ್ ಕೆಲಸಕ್ಕೆ ಬರುವವರಿದ್ದರು. ಸಂಜೆ ಪಟ ಇಳಿಸಿದರೆ, ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗದಲ್ಲಿ ಕುಂಕುಮ.

"ಏನವ್ವಾ ಇದು?"

"ಎಲ್ಲಾರ ಪಟಕ್ಕೂ ಹಚ್ಚಿ ಇವರೊಬ್ಬರನ್ನ ಬೋಳ ಹಣಿಯಾಗ ಬಿಡ್ಲೇನ? ಪಾಪ, ಪರದೇಶದವರು."

ಒದ್ದೆ ಬಟ್ಟೆ ತಂದು ಗಸಗಸ ಒರೆಸಿದೆ. ಕೆಂಪು ನೀರು ಗಾಜಿನ ಮೇಲೆ ಜಾರಿ ಚೌಕಟ್ಟಿನ ಸಂದಿಗೆ ಇಳಿಯಿತು. ಹಳೆಯ ಕಾಗದ ಅದನ್ನು ಮೇಲಕ್ಕೆ ಹೀರಿತು. ಒಣ ಬಟ್ಟೆ ಸಾಕಿತ್ತು.

ಪಕ್ಕದ ಬೀದಿಯ ಫೋಟೊ ಅಂಗಡಿಯವರು ಮಂಗಳೂರು ಕಡೆಯ ಬ್ಯಾರಿ. ಚೌಕಟ್ಟು ಬಿಚ್ಚಿ ನೋಡಿದರು. "ಇದು ತೆಗೀಲಿಕ್ಕೆ ಹೋದ್ರೆ ಕಾಗದವೇ ಬರ್ತದೆ ಮಾರಾಯ್ರೆ. ನೆಟ್ಟಲ್ಲಿ ಇದೇ ಫೋಟೊ ಎಷ್ಟು ಬೇಕಾದ್ರೂ ಉಂಟು. ಹತ್ತು ನಿಮಿಷದಲ್ಲಿ ಹೊಸತು ಹಾಕಿ ಕೊಡ್ತೇನೆ, ಖಲಾಸ್."

"ಅವರಿಗೆ ಗೊತ್ತಾದರೆ?"

"ಗೊತ್ತಾಗ್ಲಿಕ್ಕೆ ಎಂತ ಉಂಟು? ಮನುಷ್ಯ ಅವ್ನೇ ಅಲ್ವಾ?"

ಹೊಸತು ಬಂತು. ಎರಡನ್ನೂ ಮೇಜಿನ ಮೇಲೆ ಜೊತೆಗಿಟ್ಟೆ. ಅದೇ ಮೀಸೆ, ಅದೇ ನೋಟ, ಹೊಸದೇ ಚೆನ್ನಾಗಿತ್ತು. ಲಕ್ಷಾಂತರ ಪ್ರತಿಗಳಿಗೆ ಲಕ್ಷಾಂತರ ಜನ ಬಾಗುತ್ತಾರೆ. ಅವರ ನಮಸ್ಕಾರ ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪುವುದಾದರೆ, ನನ್ನ ಈ ಪ್ರತಿಯ ತಪ್ಪೇನು? ಆದರೆ ವೂ ಸರ್ ನನ್ನ ಕೈಯಲ್ಲಿಟ್ಟದ್ದು ಇದನ್ನಲ್ಲ. ನಾಳೆ ಅವರು ಪೊರೆ ಕಳೆದ ಕಣ್ಣಿನಿಂದ ನೋಡುತ್ತಾರೆ ಎಂಬುದು ನೆನಪಾಗಿ ಹೆದರಿಕೆಯಾಯಿತು. ಹೆದರಿಕೆಯೋ ಪ್ರಾಮಾಣಿಕತೆಯೋ, ಅದನ್ನೂ ಬಿಡಿಸಲಾಗಲಿಲ್ಲ.

"ನನ್ನ ಹೆಸರು ಹೇಳು," ಎಂದಳು ಅವ್ವ. "ಮುದುಕಿ, ತಿಳೀಲಿಲ್ಲ ಅಂತ ಹೇಳು. ನನಗೇನ ಬೈತಾರಾ?"

ಮರುದಿನ ಬೆಳಿಗ್ಗೆ ಹಳೆಯದನ್ನೇ ಚೌಕಟ್ಟಿಗೆ ಸೇರಿಸಿ ಬರ್ಕಾಕ್ಕೆ ಒಯ್ದೆ. ವೂ ಸರ್ ಕಪ್ಪು ಕನ್ನಡಕ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡಿದ್ದ ವಾಕ್ಯ "ನನ್ನ ತಾಯಿಗೆ ತಿಳಿಯಲಿಲ್ಲ" ಎಂದು ಶುರುವಾಗುತ್ತಿತ್ತು. ಅದನ್ನು ಹೇಳಲಿಲ್ಲ. ಪಟವನ್ನು ಅವರ ಮೇಜಿನ ಮೇಲಿಟ್ಟು, ಕಲೆಯ ಮೇಲೆ ಬೆರಳಿಟ್ಟು, "ಇದನ್ನು ಒದ್ದೆ ಬಟ್ಟೆಯಿಂದ ಒರೆಸಿದವಳು ನಾನು, ಸರ್," ಎಂದೆ.