ಶಾಲು ಹೊದಿಸಿದರು, ಹಾಡು ಕೈಬಿಟ್ಟರು

ಬ್ರೂಮ್‌ಹಿಲ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಇಂಗ್ಲಿಷ್ ಮುದುಕರೊಬ್ಬರು ಒಂದು ಕಾಲದಲ್ಲಿ ಲಂಡನ್ನಿನ ದೊಡ್ಡ ರಂಗಮಂದಿರಗಳ ಸಂಗೀತ ನಾಟಕಗಳಿಗೆ ಹಾಡು ಕಟ್ಟಿದವರು. ಮೊದಲ ನಾಟಕ ವರ್ಷಗಟ್ಟಲೆ ಓಡಿತಂತೆ, ಟ್ಯಾಕ್ಸಿಯವರೂ ಅದರ ಹಾಡು ಗುನುಗುತ್ತಿದ್ದರಂತೆ. ಎರಡನೆಯದು ವಾರ ತುಂಬುವ ಮೊದಲೇ ಮುಚ್ಚಿತು. ಆಮೇಲೆ ಇವರ ಫೋನ್ ಎತ್ತುವವರೇ ಇಲ್ಲ. ನಾವು ಆ ಬೀದಿಗೆ ಬಂದಾಗ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದರು. ಪಾಠ ಇಲ್ಲದಾಗ ಒಂದೇ ಸಾಲನ್ನು ಕುಟ್ಟುವುದು, ನಿಲ್ಲಿಸುವುದು, ಮತ್ತೆ ಕುಟ್ಟುವುದು. ಕೇಳಿ ಕೇಳಿ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ನಮ್ಮ ಕನ್ನಡ ಸಂಘದ ಯುಗಾದಿಗೆ ಒಂದು ಹಾಡು ಮಾಡಿಕೊಡಿ ಎಂದು ನಾನೇ ಕೇಳಿದೆ. ಮಾತು ನನ್ನದು, ರಾಗ ಅವರದು.

"ನನ್ನ ಹೊಸ ಹಾಡನ್ನು ಜನರ ಮುಂದೆ ಯಾರಾದರೂ ಹಾಡಿ ಎಷ್ಟು ಕಾಲವಾಯಿತೋ! ಹಿಡಿಸದಿದ್ದರೂ ಚಿಂತೆಯಿಲ್ಲ, ಒಮ್ಮೆ ಕೇಳಬೇಕು," ಎಂದರು.

ನಾವು ಆರು ಹೆಂಗಸರು ಅವರ ಮನೆಯಲ್ಲಿ ಬೈಸಿಕೊಂಡು ಕಲಿತೆವು.

ಹಬ್ಬದ ದಿನ ಮುಖ್ಯ ಅತಿಥಿಯ ಭಾಷಣ ಮುಗಿಯಲೇ ಇಲ್ಲ. ನಂತರ ಸನ್ಮಾನ: ಪ್ರಾಯೋಜಕರಿಗೆ, ಹಳೆಯ ಅಧ್ಯಕ್ಷರಿಗೆ, ಅವರ ಹೆಂಡತಿಗೆ. ಕೊನೆಗೆ ನಮ್ಮ ಮುದುಕರಿಗೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರು ಹಾಲ್ ಮೂಲೆಯಲ್ಲಿದ್ದ ಪಿಯಾನೊ ಕಡೆ ಹೊರಟರು. ಅಷ್ಟರಲ್ಲಿ ಕಾರ್ಯದರ್ಶಿ ಮೈಕ್ ಹಿಡಿದು ಎಲ್ಲರನ್ನೂ ಊಟಕ್ಕೆ ಕರೆದುಬಿಟ್ಟ.

ನಾನು ನುಗ್ಗಿದೆ. "ರೀ, ನಮ್ ಹಾಡು?"

"ಟೈಮೆಲ್ಲಿದೆ ಮೇಡಂ? ಹಾಲ್ ಖಾಲಿ ಮಾಡ್ಬೇಕು. ಸನ್ಮಾನ ಆಯ್ತಲ್ಲ, ಇನ್ನೇನು?"

"ಶಾಲು ಯಾರ್ರೀ ಕೇಳಿದ್ರು? ಅವ್ರು ಬಂದಿದ್ದೇ ಹಾಡು ಕೇಳಕ್ಕೆ!"

"ದೀಪಾವಳಿಗೆ ಫಸ್ಟ್ ಐಟಮ್ ಅವರದೇ, ಪ್ರಾಮಿಸ್. ಬಿಸಿಬೇಳೆಬಾತ್ ಆರೋಗತ್ತೆ, ಬನ್ನಿ ಬನ್ನಿ."

ಮುದುಕರಿಗೆ ವಿಷಯ ಹೇಳಿದೆ. ಪೇಟದ ಕೆಳಗೆ ಮುಖ ಇಳಿಯಿತು.

"ಲಂಡನ್ನಿನವರೂ ನನ್ನನ್ನು ಮನೆಗೆ ಕಳಿಸಿದ್ದರು. ಇಷ್ಟು ಅಲಂಕಾರ ಮಾಡಿರಲಿಲ್ಲ," ಎಂದರು. ಎಂದವರು ಹೋಗಿ ಪಿಯಾನೊ ಮುಂದೆ ಕೂತೇಬಿಟ್ಟರು. "ಬರುತ್ತೀರಾ, ಇಲ್ಲ ನಿಮಗೂ ಹಸಿವೇ?"

ಊಟದ ಸಾಲು ಬಿಟ್ಟು ಬಂದದ್ದು ಇನ್ನೊಬ್ಬಳು ಮಾತ್ರ. ಇಬ್ಬರೇ ಶುರು ಮಾಡಿದೆವು. ಮೊದಲ ಚರಣಕ್ಕೆ ಕೆಲವರು ತಿರುಗಿ ನೋಡಿದರು. ಎರಡನೆಯದಕ್ಕೆ ಕುರ್ಚಿ ಎಳೆಯುವ ಸದ್ದು, "ಖಾರಾಬೂಂದಿ ಎಲ್ರೀ?" ಎನ್ನುವ ಕೂಗು. ಕೊನೆಯ ಪಲ್ಲವಿಗೆ ಉಳಿದ ನಾಲ್ವರೂ ಸಾಲಿನಲ್ಲಿ ತಟ್ಟೆ ಹಿಡಿದೇ ದನಿ ಸೇರಿಸಿದರು. ಮುಗಿದಾಗ ಚಪ್ಪಾಳೆಯಿಲ್ಲ, ಎಲ್ಲರದೂ ಎಂಜಲು ಕೈ. ಒಬ್ಬರು ಎಡಗೈಯಿಂದ ಮೇಜು ಬಡಿದರು.

ಮುದುಕರು ಪೇಟ ತೆಗೆದು ಹಣೆ ಒರೆಸಿಕೊಂಡರು.

"ಎರಡನೇ ಚರಣ ಉದ್ದವಾಯಿತು. ಜನ ಅಲ್ಲೇ ಮಾತಿಗಿಳಿದದ್ದು. ನಾಳೆ ಬನ್ನಿ, ಕತ್ತರಿಸೋಣ."