ಒಣ ಹಳ್ಳಕ್ಕೆ ಸರಪಳಿ

ಹಳ್ಳದ ತಳಕ್ಕೇ ಹಾಸಿದಂತಿರುವ ತಗ್ಗು ಸೇತುವೆ ಅದು. ನೀರು ಏರಿದಾಗ ಕಂಬದಿಂದ ಕಂಬಕ್ಕೆ ಸರಪಳಿ ಬಿಗಿದು ವಾಹನ ತಡೆಯುವುದು ಆತನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತ ಬಂದ ಆತನಿಗೆ ಜನ ಇಟ್ಟ ಹೆಸರೂ ಸರಪಳಿ.

ಮೊದಲೆಲ್ಲ ಗುಡ್ಡದ ಮೇಲೆ ಮಧ್ಯಾಹ್ನ ಮಳೆ ಹೊಡೆದರೆ ಹಳ್ಳ ಏರುತ್ತಿದ್ದುದು ಸಂಜೆಗೆ. ಪೊದೆ, ಹುಲ್ಲು, ತರಗೆಲೆ ಅರ್ಧ ನೀರು ಕುಡಿದು ಉಳಿದದ್ದನ್ನು ನಿಧಾನಕ್ಕೆ ಬಿಡುತ್ತಿದ್ದವು. ಆಮೇಲೆ ಗುಡ್ಡ ಬೋಳಿಸಿ ಸೈಟು ಮಾಡಿದರು, ಕಾಂಕ್ರೀಟು ಸುರಿದರು. ಮೂರು ವರ್ಷದ ಹಿಂದೆ, ಗುಡ್ಡದ ಮೇಲೆ ಮಳೆ ಕಂಡು, ಇನ್ನೂ ಹೊತ್ತಿದೆಯೆಂದು ಆತ ಊಟಕ್ಕೆ ಹೋದ. ಕೈ ತೊಳೆಯುವಷ್ಟರಲ್ಲಿ ಹಳ್ಳ ಬಂದು, ಸ್ಕೂಟರಿನಲ್ಲಿ ದಾಟುತ್ತಿದ್ದ ಗಂಡ ಹೆಂಡಿರನ್ನು ಒಯ್ದಿತ್ತು. ಹೆಂಗಸಿನ ಶವವನ್ನು ಮುಳ್ಳುತಂತಿಯಿಂದ ಬಿಡಿಸಿದ್ದು ಆತನೇ. ಅಂದಿನಿಂದ ಹಳ್ಳ ನೋಡುವುದನ್ನು ಬಿಟ್ಟು ಗುಡ್ಡ ನೋಡುತ್ತಾನೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಗುಡ್ಡ ಕಪ್ಪಾಯಿತು. ಕೆಳಗೆ ಸುಡುಬಿಸಿಲು, ಹಳ್ಳದಲ್ಲಿ ಬರೀ ಮರಳು. ಆತ ಸರಪಳಿ ಬಿಗಿದ. ಬಂದ ಬಸ್ಸಿನ ಡ್ರೈವರು ಆತನ ಹೆಂಡತಿಯ ತಮ್ಮ. ಒಳಗೆ ನಲವತ್ತು ಜನ.

"ಏನ್ ಭಾವ, ಮರಳಿಗೆ ಸರಪಳಿ? ಎದ್ದು ಓಡಿಹೋಗುತ್ತಾ?"

"ಅರ್ಧ ಗಂಟೆ ನಿಲ್ಲಿಸೋ. ಮೇಲೆ ಹೊಡೀತಾ ಇದೆ."

"ನಮ್ಮಕ್ಕ ಮಟಮಟ ಮಧ್ಯಾಹ್ನವೇ ಏನು ಕುಡಿಸಿ ಕಳಿಸಿದ್ಲು?"

ಬಸ್ಸು ನಕ್ಕಿತು. ಕಂಡಕ್ಟರು ಇಳಿದು ಕೊಕ್ಕೆ ಬಿಚ್ಚಿದ. ಬಸ್ಸು ಮುಂದೆ ಸರಿದದ್ದೇ ಆತ ಕಲ್ಲೆತ್ತಿ ಎದುರಿನ ಗಾಜಿಗೆ ಬೀಸಿದ. ಗಾಜು ಸಿಡಿದು ಡ್ರೈವರ ಹುಬ್ಬು ಹರಿಯಿತು.

"ನಿನ್ ಕೈ ಕತ್ತರಿಸ್ತೀನಿ ಕಣೋ!"

ಡ್ರೈವರು ಜಿಗಿದಿಳಿದು ಆತನ ಕಾಲರು ಹಿಡಿದು ಬಾಯಿಗೆ ಗುದ್ದಿದ. ಕಂಡಕ್ಟರು ಪಕ್ಕೆಗೆ ಒದ್ದ. ಪ್ರಯಾಣಿಕರು ದಡಬಡನೆ ಇಳಿದರು. ಇಬ್ಬರು ಬಿಡಿಸಲು, ಕೆಲವರು ತಾವೂ ಒಂದೇಟು ಹಾಕಲು, ಮಿಕ್ಕವರು ನೋಡಲು.

ಆಗ ನೆಲ ನಡುಗಿತು. ತಿರುವಿನಿಂದ ಆಳೆತ್ತರದ ಕೆಂಪು ನೀರು ಸಿಮೆಂಟು ಪೈಪು, ಡ್ರಮ್ಮು, ಸತ್ತ ಎಮ್ಮೆ ಉರುಳಿಸುತ್ತ ಬಂತು. ಜನ ದಿಣ್ಣೆಗೆ ಓಡಿದರು. ನೀರು ಕಂಬ ಕಿತ್ತಿತು. ಖಾಲಿ ಬಸ್ಸನ್ನು ಮೂತಿ ಹಿಡಿದು ತಿರುಗಿಸಿ ಮಗುಚಿ ಹಾಕಿತು. ಬಾಮೈದ ಅದೇ ಕಾಲರು ಹಿಡಿದು ಭಾವನನ್ನು ದಿಣ್ಣೆಗೆ ಎಳೆದ.

ಗಾಜು ಒಡೆದದ್ದಕ್ಕೆ ವಿಚಾರಣೆ ನಡೆಯಿತು. ಕಲ್ಲು ಎಸೆದಾಗ ಹಳ್ಳದಲ್ಲಿ ನೀರಿತ್ತೇ ಎಂದು ಕೇಳಿದರು. ಇರಲಿಲ್ಲ ಎಂದು ಬರೆದುಕೊಟ್ಟ. ಈಗ ಅಮಾನತಿನಲ್ಲಿದ್ದಾನೆ. ಆತನ ಜಾಗಕ್ಕೆ ಬಂದವನು ಹಳ್ಳ ನೋಡಿ ಸರಪಳಿ ಬಿಗಿಯುತ್ತಾನೆ. ಗುಡ್ಡದ ಮೇಲೆ ಮೋಡ ಕಂಡರೆ ಬಾಮೈದ ಬಸ್ಸು ನಿಲ್ಲಿಸಿ ಫೋನು ಮಾಡುತ್ತಾನೆ:

"ಭಾವ, ದಾಟ್ಲಾ?"