ರತ್ನಕ್ಕನ ವಾಯಿದೆ ದಿನಗಳು

ಕೋರ್ಟಿನಲ್ಲಿ ವಾಯಿದೆ ಇದ್ದ ದಿನ ರತ್ನಕ್ಕ ಮದುವೆಗೆ ಹೊರಟವಳ ಹಾಗೆ ಸಿದ್ಧಳಾಗುತ್ತಿದ್ದಳು. ಕೆಂಪಂಚಿನ ಹಸಿರು ರೇಷ್ಮೆ ಸೀರೆ, ತಲೆತುಂಬ ಕನಕಾಂಬರ, ಕೈತುಂಬ ಗಾಜಿನ ಬಳೆ. ಗಂಡ ಬಿಟ್ಟವಳಿಗೆ ಕೋರ್ಟಿಗೆ ಹೋಗಲು ಇಷ್ಟು ಸಿಂಗಾರವೇ ಎಂದು ಅವ್ವ ಗೊಣಗಿದರೆ ಅವಳು ಕನ್ನಡಿಯಿಂದ ಮುಖ ತಿರುಗಿಸದೆಯೇ ಹೇಳುತ್ತಿದ್ದಳು: “ಅತ್ಕಂಡು ಓಗಿ ನಿಂತ್ರೆ ಅವ್ರಿಗೆ ಅಬ್ಬ ಕಣವ್ವ. ಅಲ್ದೆ, ಇವತ್ತೇನಾರ ಮಗೀನ ಕರ್ಕಂಡ್ ಬಂದಿದ್ರೆ? ಅದ್ರ ಕಣ್ಣಿಗೆ ನಾ ಚೆಂದಾಗ್ ಕಾಣ್ಬೇಕಲ್ವಾ?”

ಮಗು ಎಂದರೆ ಗೌರಿ, ಅಕ್ಕನ ಮಗಳು. ಯಳಂದೂರಿನ ನಮ್ಮ ಮನೆಯಿಂದ ಅಕ್ಕನನ್ನು ಹನೂರಿಗೆ ಕೊಟ್ಟಿತ್ತು. ಭಾವ ಇನ್ನೊಬ್ಬಳನ್ನು ಕಟ್ಟಿಕೊಂಡು ಅಕ್ಕನನ್ನು ಹೊರಗೆ ಹಾಕಿದಾಗ ಗೌರಿಗೆ ಇನ್ನೂ ಮಾತು ತೊದಲುತ್ತಿತ್ತು. ಮಗುವನ್ನು ಅವರೇ ಇಟ್ಟುಕೊಂಡರು. ನೋಡಲು ಹೋದರೆ ಬಾಗಿಲು ಹಾಕಿದರು. ಮಗಳನ್ನು ತನಗೆ ಕೊಡಿಸಿ ಎಂದು ಅಕ್ಕ ಕೇಸು ಹಾಕಿದಳು. ಅದು ಯಾವ ಊರಿನ ಕೋರ್ಟೆಂದು ಬರೆಯುವುದಿಲ್ಲ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ಊರು ಎಂದರೆ ಸಾಕು.

ಅಕ್ಕನ ಗತಿಗೆ ಬೀದಿಯವರೆಲ್ಲ ಮರುಗುತ್ತಿದ್ದಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪ ಪ್ರತಿ ವಾಯಿದೆಗೂ ಅವಳ ಜೊತೆ ಹೋಗುತ್ತಿದ್ದ. ಕೊಳ್ಳೇಗಾಲದ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿನ್ನುತ್ತಿದ್ದರು. ಸಂಜೆ ಮನೆಗೆ ಬಂದು ಲಾಯರು ಗಂಟಲು ಸರಿಮಾಡಿಕೊಂಡದ್ದು, ಗುಮಾಸ್ತ ಗದರಿದ್ದು, ಎಲ್ಲವನ್ನೂ ಅಕ್ಕ ಅವರವರ ದನಿಯಲ್ಲೇ ಆಡಿ ತೋರಿಸಿದರೆ ಅಪ್ಪ ಕೆಮ್ಮು ಬರುವಷ್ಟು ನಗುತ್ತಿದ್ದ. ನನ್ನ ಮಾತಿಗೆ ಅಪ್ಪ ಹಾಗೆ ನಕ್ಕದ್ದು ನೆನಪಿಲ್ಲ. ನನಗೆ ಟೀಚರ್ ಕೆಲಸದ ಆರ್ಡರ್ ಬಂದ ದಿನವೂ ವಾಯಿದೆಯೇ ಇತ್ತು. ಹೊಸಿಲಿಗೆ ಅಡ್ಡ ನಿಂತು ತೋರಿಸಿದೆ. “ಇಡವ್ವ, ಬಂದು ನೋಡ್ತೀನಿ. ಬಸ್ಸು ಒಂಟೋಯ್ತದೆ” ಎಂದು ಅಪ್ಪ ಚಪ್ಪಲಿ ಮೆಟ್ಟಿದ.

ಒಮ್ಮೆ ಅಪ್ಪನಿಗೆ ಜ್ವರ ಬಂದು ನಾನು ಜೊತೆಗೆ ಹೋದೆ. ಬೆಳಿಗ್ಗೆಯಿಂದ ಕೋರ್ಟಿನ ಹುಣಸೆಮರದ ಕೆಳಗೆ ಕೂತೆವು. ಸುತ್ತ ನಮ್ಮಂಥವರೇ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನ್ಯಾಯಾಧೀಶರು ಬರುವಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕನ ಹೆಸರು ಕೂಗಿದರು. ಭಾವನ ಲಾಯರು ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ಕತ್ತೆತ್ತದೆ “ಮುಂದಿನ ವಾಯಿದೆ” ಎಂದರು.

ಅಕ್ಕ ಅಲ್ಲಾಡಲಿಲ್ಲ. ಹಿಂದಿನ ವಾರ ನೆಂಟರ ಮದುವೆಗೆಂದು ಅವಳು ಸತ್ತೇಗಾಲಕ್ಕೆ ಹೋಗಿದ್ದಳು. ಭಾವನ ಸೋದರಮಾವನ ತೆಂಗಿನ ತೋಟ ಅಲ್ಲೇ. ಆ ತೋಟದಲ್ಲಿ ಇದೇ ನ್ಯಾಯಾಧೀಶರು ಎಲೆಯ ಮುಂದೆ ಕೂತದ್ದನ್ನೂ ಭಾವ ಬಗ್ಗಿ ಬಗ್ಗಿ ಬಡಿಸುತ್ತಿದ್ದುದನ್ನೂ ಬೇಲಿಯಾಚೆಯಿಂದ ಕಂಡಿದ್ದಳು. ನನಗೂ ಹೇಳಿರಲಿಲ್ಲ.

“ಸಾ, ಒಂದ್ ಮಾತು” ಎಂದಳು. “ಓದ್ವಾರ ಸತ್ತೇಗಾಲದ ತೋಟದಲ್ಲಿ ನಿಮ್ ಎಲೆಗೆ ಒಬ್ಬಟ್ಟು ಆಕ್ತಿದ್ರಲ್ಲ, ಅವ್ರೇ ಇಲ್ಲಿ ನನ್ನೆದ್ರು ನಿಂತಿರೋರು. ಅವ್ರ ಮನೇಲಿ ಉಂಡು ನನ್ ಮಗೀನ ನ್ಯಾಯ ಎಂಗ್ ಏಳೀರಿ ಸಾ?”

ನಮ್ಮ ಲಾಯರು ಬೆವರು ಒರೆಸಿಕೊಂಡರು. ನ್ಯಾಯಾಧೀಶರ ಮುಖ ಕಪ್ಪಿಟ್ಟಿತು. ಕೋರ್ಟು ಏಳುವವರೆಗೂ ಈ ಹೆಂಗಸು ಮೂಲೆಯಲ್ಲಿ ನಿಂತಿರಲಿ ಎಂದರು. ನಿಂತಳು, ಗೋಡೆಗೆ ಒರಗದೆ. ಹಿಂದಿನ ಬೆಂಚಿನಲ್ಲಿ ಹೆದರಿ ಕೂತಿದ್ದ ನನಗೆ ಆ ಹೆದರಿಕೆಯಲ್ಲೂ ಇಂಥದೊಂದು ಮಾತು ನನ್ನ ಬಾಯಿಂದ ಯಾವತ್ತಾದರೂ ಬಂದೀತೇ ಎಂದು ಸಂಕಟವಾಯಿತು.

ವಾಪಸು ಬರುವಾಗ ಕೊಳ್ಳೇಗಾಲದ ಹೋಟೆಲಿನಲ್ಲಿ “ಕಾಲು ನೋಯ್ತಾ ಇದ್ಯಾ?” ಎಂದೆ.

“ಕಾಲು ಬುಡು. ಆ ಜಡ್ಜಯ್ಯ ಸಂಜೆಗಂಟ ನನ್ ಕಡೀಕೆ ತಿರುಗ್ಲೇ ಇಲ್ಲ, ಕಂಡ್ಯಾ ಅಮ್ಮಿ?” ಎಂದು ದೋಸೆ ಮುರಿದಳು.

ನಮ್ಮ ಲಾಯರು ಮೇಲಿನವರಿಗೆ ದೂರು ಕೊಟ್ಟರು. ವಿಚಾರಿಸಲು ಬಂದವರ ಮುಂದೆಯೂ ಅಕ್ಕ ಅದನ್ನೇ ಹೇಳಿದಳು. ನ್ಯಾಯಾಧೀಶರಿಗೆ ವರ್ಗವಾಯಿತು. ಆಮೇಲೆ ಅವಳ ಹೆಸರು ಬಸ್ಸುಗಳಲ್ಲೆಲ್ಲ ಓಡಾಡಿತು. ಕಂಡಕ್ಟರುಗಳು ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನ್ನ ಗಂಡ “ನಿಮ್ಮಕ್ಕನ ಧೈರ್ಯದಲ್ಲಿ ಕಾಲುಭಾಗ ನಿಂಗಿದ್ದಿದ್ರೆ” ಎಂದದ್ದಕ್ಕೆ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ಎಲ್ಲರೂ ಅಕ್ಕ ಗೆದ್ದಳು ಎಂದುಕೊಂಡೆವು. ಆದರೆ ಖಾಲಿಯಾದ ಆ ಕುರ್ಚಿಗೆ ಬಹಳ ಕಾಲ ಯಾರೂ ಬರಲಿಲ್ಲ. ಬೇರೆ ಊರಿನ ನ್ಯಾಯಾಧೀಶರೊಬ್ಬರು ಯಾವಾಗಲೋ ಬಂದು ಎಲ್ಲ ಕೇಸಿಗೂ ವಾಯಿದೆ ಕೊಟ್ಟು ಹೋಗುತ್ತಿದ್ದರು. ಕೋರ್ಟು ಹೊಸ ಕಟ್ಟಡಕ್ಕೆ ಹೋದಾಗ ಅಕ್ಕನ ಫೈಲು ಕಾಣೆಯಾಯಿತು. ತೀರ್ಪು ಬರುವವರೆಗಾದರೂ ಮಗುವನ್ನು ನೋಡಲು ಬಿಡಿ ಎಂಬ ಅರ್ಜಿಯೂ ಅದರೊಳಗೇ ಇತ್ತು. “ಹುಡುಕ್ತಾ ಇದೀವಮ್ಮ” ಎನ್ನುತ್ತಿದ್ದರು ಗುಮಾಸ್ತರು. ಅಷ್ಟರಲ್ಲಿ ಅಪ್ಪ ತೀರಿಕೊಂಡ. ಅಕ್ಕ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದಳು. ಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದವು. ವಾಯಿದೆಗಳಿಗೆ ಒಬ್ಬಳೇ ಹೋಗಿ ಬಂದಳು.

ಕೊನೆಗೆ ಒಬ್ಬ ಒಳ್ಳೆಯ ನ್ಯಾಯಾಧೀಶರು ಬಂದರು. “ಇಷ್ಟು ತಡವಾಗಬಾರದಿತ್ತಮ್ಮ” ಎಂದು ಅವರೇ ನೊಂದುಕೊಂಡು ಮಗಳನ್ನು ಕರೆಸಿದರು. ಅವತ್ತು ನಾನೂ ಹೋಗಿದ್ದೆ. ಗೌರಿ ಅಕ್ಕನ ಭುಜದೆತ್ತರಕ್ಕೆ ಬೆಳೆದಿದ್ದಳು. ಯಾರ ಜೊತೆ ಇರುತ್ತೀಯ ಎಂದು ಕೇಳಿದಾಗ ಭಾವನ ಎರಡನೇ ಹೆಂಡತಿಯ ಸೆರಗು ಹಿಡಿದು “ನಮ್ಮವ್ವನ್ ಜೊತೆ” ಎಂದಳು. ರೇಷ್ಮೆ ಸೀರೆಯ ಈ ಹೆಂಗಸು ಯಾರೆಂಬಂತೆ ಅಕ್ಕನನ್ನು ನೋಡಿದಳು.

ನ್ಯಾಯಾಧೀಶರು ಅಕ್ಕನ ಕಡೆ ತಿರುಗಿದರು. “ಅವ್ಳು ಏಳಿದ್ದೇ ಬರ್ಕಳಿ ಸಾ. ಎಳ್ಕಂಡೋಗಕ್ಕೆ ಅವ್ಳೇನ್ ಕರುವಾ?” ಎಂದಳು. ಹೊರಗೆ ಬಂದವಳು ನೇರ ಭಾವನ ಹೆಂಡತಿಯ ಹತ್ತಿರ ಹೋದಳು. ಜಗಳವಾಗುತ್ತದೆಂದು ನಾನು ಓಡಿದೆ. “ಮಗೀಗೆ ಜಡೆ ಚೆಂದಾಗ್ ಎಣ್ದಿದ್ದೀಯ ಕಣವ್ವ” ಎಂದಷ್ಟೇ ಹೇಳಿ ಅಕ್ಕ ಬಸ್ಸಿನ ಕಡೆ ನಡೆದಳು. ಆ ದಿನ ಕೊಳ್ಳೇಗಾಲದಲ್ಲಿ ಅವಳಿಗೆ ಏನೂ ಬೇಡವಾಗಿತ್ತು.

ಕೆಲವು ವರ್ಷಗಳ ಮೇಲೆ ಕಾಮಾಲೆ ಅವಳನ್ನು ಕೊಂಡೊಯ್ದಿತು. ತಿಥಿ ಮುಗಿದ ಮೇಲೆ ಒಂದು ಭಾನುವಾರ ಗೌರಿ ಒಬ್ಬಳೇ ನಮ್ಮ ಮನೆಗೆ ಬಂದಳು. ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿದ್ದಳು. ಕೊಟ್ಟ ಕಾಫಿ ಮುಟ್ಟದೆ ಕೂತು “ಅವ್ರು ಎಂಗಿದ್ರು ಚಿಕ್ಕಮ್ಮ?” ಎಂದಳು.

ಹೇಳತೊಡಗಿದೆ. ಗುಮಾಸ್ತನ ದನಿ ತೆಗೆಯುತ್ತಿದ್ದುದು, ಅಪ್ಪನನ್ನು ನಗಿಸುತ್ತಿದ್ದುದು, ಹುಡುಗಿಯರಾಗಿದ್ದಾಗ ಒಂದೇ ಕಂಬಳಿಯಲ್ಲಿ ಮಲಗಿ ನನ್ನನ್ನು ಚಿವುಟುತ್ತಿದ್ದುದು. ಗೌರಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ನಿಮ್ಮನ್ ಕಂಡ್ರೆ ಒಟ್ಟೆ ಉರೀತದೆ ಚಿಕ್ಕಮ್ಮ” ಎಂದಳು. ಆರಿದ ಕಾಫಿಯ ಲೋಟ ಎತ್ತಿಕೊಂಡು, “ಇನ್ನೊಂದು ಏಳಿ” ಎಂದಳು.